ಮನೆ ಗೆದ್ದು ಮಾರು ಗೆಲ್ಲುವ ನ್ಯಾಯ: ಕುಸನೂರಿನ ನೆಲದಿಂದ ಒಂದು ನೋಟ

‘ಮನೆ ಗೆದ್ದು ಮಾರು ಗೆಲ್ಲು’ ಎಂಬ ಗಾದೆಯನ್ನು ನಾವು ಸಾಮಾನ್ಯವಾಗಿ ನಡತೆಯ ಮಾತೆಂದು ತಿಳಿಯುತ್ತೇವೆ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇದಕ್ಕೆ ಹತ್ತಿರವಾದ ಒಂದು ತತ್ತ್ವವಿದೆ. ಹಕ್ಕು ಕಳೆದುಕೊಂಡವನು ತನ್ನ ದೇಶದ ನ್ಯಾಯಮಾರ್ಗಗಳನ್ನೆಲ್ಲ ಮೊದಲು ತುಳಿಯಬೇಕು. ಅಲ್ಲಿ ಪರಿಹಾರ ದೊರೆಯದಿದ್ದಾಗ ಮಾತ್ರ ಹೊರಗಿನ ವೇದಿಕೆಗೆ ಹೋಗಬಹುದು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಗೆ 1966ರಲ್ಲಿ ಸೇರಿಸಿದ ಐಚ್ಛಿಕ ಒಪ್ಪಂದದ 5ನೆಯ ವಿಧಿ ಇದನ್ನೇ ಹೇಳುತ್ತದೆ. ದೇಶೀಯ ಪರಿಹಾರ ವಿನಾಕಾರಣ ವಿಳಂಬವಾದಲ್ಲಿ ಈ ನಿಯಮ ಅನ್ವಯಿಸದೆಂಬ ವಿನಾಯಿತಿಯೂ ಅದರಲ್ಲಿದೆ.

ಹಲಗೇರಿ, ಬ್ಯಾಡಗಿ, ಹಾವೇರಿ ಸುತ್ತಿನ ಹಳ್ಳಿಗಳಿಗೆ ಇಂತಹ ಮೆಟ್ಟಿಲುಗಳು ಹೊಸವಲ್ಲ. ಇಲ್ಲಿ ‘ದೈವ’ ಎಂದರೆ ದೇವರಷ್ಟೇ ಅಲ್ಲ, ಕೂಡಿದ ಊರ ಹಿರಿಯರ ಸಭೆಯೂ ಹೌದು. ಬದುವಿನ ತಂಟೆ ಮೊದಲು ಮನೆಯ ಹಿರಿಯರಲ್ಲಿ, ಬಳಿಕ ದೈವದಲ್ಲಿ, ಅಲ್ಲಿಯೂ ಬಗೆಹರಿಯದಿದ್ದರೆ ಮಠದ ಸ್ವಾಮಿಗಳ ಮುಂದೆ, ಕಡೆಗೆ ಕೋರ್ಟಿನಲ್ಲಿ ತೀರ್ಮಾನವಾಗಬೇಕು. ದೈವವನ್ನು ಬಿಟ್ಟು ನೇರವಾಗಿ ಕಚೇರಿಯ ಮೆಟ್ಟಿಲೇರಿದವನನ್ನು ಊರು ಒಪ್ಪುತ್ತಿರಲಿಲ್ಲ. ಆದರೆ ಈ ವ್ಯವಸ್ಥೆಯನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಕಟ್ಟೆಯ ಮೇಲೆ ಕೂಡ್ರಲು ಅವಕಾಶವೇ ಇಲ್ಲದ ದಲಿತನಿಗೆ, ಮಾತನಾಡಲು ಬಿಡದ ಹೆಣ್ಣುಮಗಳಿಗೆ ‘ಮೊದಲು ಕಟ್ಟೆಗೆ ಹೋಗು’ ಎಂದರೆ ಅದು ನ್ಯಾಯವಲ್ಲ, ಬಾಗಿಲು ಹಾಕುವ ಬಗೆ. ಒಳಗಿನ ಪರಿಹಾರ ಪರಿಣಾಮಕಾರಿಯಾಗಿದ್ದರೆ ಮಾತ್ರ ಅದನ್ನು ಮುಗಿಸಿಬರಬೇಕೆಂದು ಅಂತರರಾಷ್ಟ್ರೀಯ ಸಮಿತಿಗಳು ಹೇಳುವುದರ ಅರ್ಥ ಇಲ್ಲಿ ನಮಗೆ ಹೊಳೆಯುತ್ತದೆ.

ಈ ತತ್ತ್ವವನ್ನು ನಮ್ಮ ನೆಲದಲ್ಲಿಟ್ಟು ನೋಡಲು ಕುಸನೂರು ತಕ್ಕ ನಿದರ್ಶನ. ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮೊದಲು ಈ ಭಾಗ ಧಾರವಾಡ ಜಿಲ್ಲೆಗೆ ಸೇರಿತ್ತು. ರಾಣೇಬೆನ್ನೂರು ತಾಲೂಕಿನ ಕುಮಾರಪಟ್ಟಣದಲ್ಲಿ, ತುಂಗಭದ್ರೆಯ ದಂಡೆಯಲ್ಲಿದ್ದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಗೆ ಮರದ ತಿರುಳು ಬೇಕಾಗಿತ್ತು. ಇದಕ್ಕಾಗಿ ರಾಜ್ಯ ಸರಕಾರ ಮತ್ತು ಆ ಕಂಪನಿ ಕೂಡಿ 1984ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸಂಸ್ಥೆಯನ್ನು ಸ್ಥಾಪಿಸಿದವು. ಧಾರವಾಡವೂ ಸೇರಿದಂತೆ ಹಲವು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ‘ಸಿ’ ಮತ್ತು ‘ಡಿ’ ವರ್ಗದ ಜಮೀನನ್ನು ನೀಲಗಿರಿ ನೆಡುತೋಪಿಗೆ ಕೊಡುವ ಯೋಜನೆ ಇದಾಗಿತ್ತು. ಕಾಗದದಲ್ಲಿ ಪಾಳುಭೂಮಿ ಎನಿಸಿದ ಈ ನೆಲ ಹಳ್ಳಿಗರಿಗೆ ದನದ ಮೇವು, ಒಲೆಯ ಕಟ್ಟಿಗೆ, ಬೇಲಿಯ ಮುಳ್ಳು ಕೊಡುತ್ತಿದ್ದ ಜೀವನಾಧಾರವಾಗಿತ್ತು.

ಹೋರಾಟ ಒಳಗಿನ ದಾರಿಯಲ್ಲೇ ನಡೆಯಿತು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಡಾ. ಶಿವರಾಮ ಕಾರಂತ ಮೊದಲಾದವರು 1986ರಲ್ಲಿ ಸುಪ್ರೀಂ ಕೋರ್ಟಿಗೆ ರಿಟ್ ಅರ್ಜಿ ಸಲ್ಲಿಸಿದರು; 1987ರ ಮಾರ್ಚಿನಲ್ಲಿ ತಡೆಯಾಜ್ಞೆ ಬಂದಿತು. ಅರ್ಜಿ ವಿಚಾರಣೆಯಲ್ಲಿರುವಾಗಲೇ 1987ರ ನವೆಂಬರ್ 14ರಂದು ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ ‘ಕಿತ್ತಿಕೊ–ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಈ ಭಾಗದ ಆಡುಮಾತಿನಲ್ಲಿ ಸಸಿ ನೆಡುವುದಕ್ಕೆ ‘ಹಚ್ಚು’ ಎಂದೇ ಹೇಳುತ್ತಾರೆ. ಹಳ್ಳಿಗರು ನೀಲಗಿರಿಯನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ಹಚ್ಚಿದರು. 1991ರಲ್ಲಿ ಸಂಸ್ಥೆ ಮುಚ್ಚಿತು. ನ್ಯಾಯಾಲಯದ ಕಾಗದ ಮತ್ತು ಹೊಲದ ಗುದ್ದಲಿ ಎರಡೂ ಜೊತೆಯಾಗಿ ನಡೆದುದರಿಂದ ಒಳಗಿನ ಪರಿಹಾರ ಫಲಿಸಿತೆಂಬುದು ಈ ಲೇಖಕನ ಅಭಿಪ್ರಾಯ.

ಒಂದು ವೇಳೆ ಫಲಿಸದಿದ್ದರೆ? ಕುಸನೂರಿನವರು ಮುಂದೆ ಎಲ್ಲಿಗೆ ಹೋಗಬಹುದಿತ್ತು? ಭಾರತ 1979ರಲ್ಲಿ ಮೇಲಿನ ಒಡಂಬಡಿಕೆಯನ್ನು ಒಪ್ಪಿಕೊಂಡಿತಾದರೂ ಐಚ್ಛಿಕ ಒಪ್ಪಂದಕ್ಕೆ ಸೇರಿಲ್ಲ. ಆದ್ದರಿಂದ ಎಲ್ಲ ಕೋರ್ಟುಗಳನ್ನು ಮುಗಿಸಿದ ಭಾರತೀಯನೂ ಆ ಸಮಿತಿಗೆ ವೈಯಕ್ತಿಕ ದೂರು ಕೊಡಲಾರ. ವಿಶ್ವಸಂಸ್ಥೆಯಲ್ಲಿ 1970ರಿಂದ ಇರುವ, 2007ರಲ್ಲಿ ಮಾನವ ಹಕ್ಕುಗಳ ಮಂಡಳಿ ಪರಿಷ್ಕರಿಸಿದ ಗೋಪ್ಯ ದೂರು ಪದ್ಧತಿ ವ್ಯಾಪಕವೂ ಗಂಭೀರವೂ ಆದ ಉಲ್ಲಂಘನೆಗಳಿಗೆ ಮೀಸಲು. ಒಬ್ಬೊಬ್ಬರಿಗೆ ಪರಿಹಾರ ಕೊಡಿಸುವುದು ಅದರ ಉದ್ದೇಶವಲ್ಲ. ವಿಶ್ವಬ್ಯಾಂಕಿನ ಹಣದ ಯೋಜನೆಗಳಿಂದ ತೊಂದರೆಗೀಡಾದವರ ದೂರನ್ನು ಕೇಳುವ ತಪಾಸಣಾ ಸಮಿತಿ ಹುಟ್ಟಿದ್ದು, ನರ್ಮದಾ ವಿವಾದದ ಹಿನ್ನೆಲೆಯಲ್ಲಿ, 1993ರಷ್ಟು ತಡವಾಗಿ. ಅಲ್ಲಿಯೂ ಮೊದಲು ಬ್ಯಾಂಕಿನ ಆಡಳಿತಕ್ಕೇ ಅಹವಾಲು ಹೇಳಿರಬೇಕು.

ಹೀಗಾಗಿ ನಮ್ಮ ಮಟ್ಟಿಗೆ ಗಾದೆಯ ಅರ್ಥ ಇನ್ನಷ್ಟು ಬಿಗಿಯಾಗುತ್ತದೆ. ಮನೆ ಗೆದ್ದವನಿಗೂ ಮಾರಿನ ಬಾಗಿಲು ಅರ್ಧ ಮುಚ್ಚಿರುವಾಗ, ಮನೆಯ ನ್ಯಾಯವೇ ಕಡೆಯ ನ್ಯಾಯ. ಸಂವಿಧಾನದ 32 ಮತ್ತು 226ನೆಯ ವಿಧಿಗಳು ಕಾಲಕ್ಕೆ ಸರಿಯಾಗಿ ಫಲ ಕೊಡಬೇಕಾದ ಹೊಣೆ ಅಷ್ಟರಮಟ್ಟಿಗೆ ಹೆಚ್ಚಿನದು. ಕುಸನೂರಿನ ಹೋರಾಟದಲ್ಲಿ ಪಾಲ್ಗೊಂಡವರ ಮೌಖಿಕ ನೆನಪುಗಳನ್ನು ಜಾನಪದ ಅಧ್ಯಯನ ಸಂಗ್ರಹಿಸಬೇಕಾದದ್ದು ಇದಕ್ಕಾಗಿಯೇ. ಯಾವ ಬಾಗಿಲನ್ನು ಎಷ್ಟು ಸಲ ತಟ್ಟಿದರು, ಎಷ್ಟು ದಿನ ಕಾದರು ಎಂಬ ನೆನಪು ಬರಿಯ ಕಥನವಲ್ಲ. ನ್ಯಾಯ ಕೇಳಿದ್ದಕ್ಕೆ ಅದೇ ಸಾಕ್ಷಿ.