ದಂಡಿನಲ್ಲಿ ಪರದೇಶಿಗಳು

ಒಂದು ರಾಜ್ಯದ ದಂಡಿನಲ್ಲಿ ಆ ರಾಜ್ಯದವರೇ ಇರಬೇಕೆಂಬುದು ಈಚಿನ ಭಾವನೆ. ಹಿಂದಿನ ಅರಸರು ಕಾದಬಲ್ಲವನನ್ನು ಕರೆದು ಸಂಬಳವಿತ್ತು ಇಟ್ಟುಕೊಳ್ಳುತ್ತಿದ್ದರು. ಅವನ ಹುಟ್ಟೂರು ಯಾವುದಾದರೇನು? ಪ್ರಜೆಯೇ ಪ್ರಭುವೆಂಬ ತತ್ತ್ವದ ಮೇಲೆ ನಿಂತ ರಾಜ್ಯಗಳಲ್ಲಿ ಇದು ತೊಡಕಿನ ಪ್ರಶ್ನೆಯಾಯಿತು. ಅಲ್ಲಿ ಆಯುಧ ಹಿಡಿಯುವುದು ಪೌರನ ಹೊಣೆ. ಹಾಗಿರುವಲ್ಲಿ, ಹೊರಗಿನಿಂದ ಬಂದು ಇನ್ನೂ ಪೌರನಾಗದವನು ದಂಡಿಗೆ ಸೇರಬಹುದೇ? ಸೇರಿದರೆ, ಆ ಸೇವೆಯಿಂದ ಅವನು ಪೌರನಾಗುವನೇ? ಎರಡಕ್ಕೂ ಒಂದೇ ಉತ್ತರವಿರಬೇಕೆಂದು ತೋರುವುದು ಸಹಜ. ಆದರೆ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಚರಿತ್ರೆಯಲ್ಲಿ ಬಹುಕಾಲ ಈ ಪ್ರಶ್ನೆಗಳಿಗೆ ಬೇರೆ ಬೇರೆ ಉತ್ತರಗಳಿದ್ದವು. ಅದರ ಪೆಟ್ಟು ತಿಂದವರಲ್ಲಿ ಒಬ್ಬರು ಪಂಜಾಬಿನ ಭಗತ್ ಸಿಂಗ್ ಥಿಂಡ್. 1931ರಲ್ಲಿ ಲಾಹೋರಿನಲ್ಲಿ ಗಲ್ಲಿಗೇರಿದ ಭಗತ್ ಸಿಂಗರು ಬೇರೆ, ಇವರು ಬೇರೆ.

ಥಿಂಡರ ಸಂಗತಿ ತಿಳಿಯಬೇಕಾದರೆ ಆ ದೇಶದ ಶಾಸನಗಳನ್ನು ಸ್ವಲ್ಪ ನೋಡಬೇಕು. ಅಲ್ಲಿ ಪೌರತ್ವದ ಮೊದಲನೆಯ ಶಾಸನವಾದುದು 1790ರಲ್ಲಿ. ಹೊರಗಿನಿಂದ ಬಂದವರಲ್ಲಿ ಸ್ವತಂತ್ರರಾದ ಬಿಳಿಯರು ಮಾತ್ರ ಪೌರರಾಗಬಹುದೆಂದು ಅದು ವಿಧಿಸಿತು. 1870ರಲ್ಲಿ ಆಫ್ರಿಕಾ ಮೂಲದವರನ್ನೂ ಸೇರಿಸಿದರು. ಚೀನೀಯರಿಗೆ 1882ರಲ್ಲಿ ಸ್ಪಷ್ಟವಾಗಿಯೇ ನಿಷೇಧವಾಯಿತು. ಉಳಿದ ಏಷ್ಯದವರ ಗತಿಯೇನೆಂಬುದನ್ನು ಆಯಾ ನ್ಯಾಯಾಧೀಶನು ತನಗೆ ತೋರಿದಂತೆ ತೀರ್ಮಾನಿಸಬೇಕಾಯಿತು.

ದಂಡಿನ ಶಾಸನಗಳು ಬೇರೆ ದಾರಿ ಹಿಡಿದವು. 1861ರಲ್ಲಿ ಆ ದೇಶದ ಉತ್ತರ ದಕ್ಷಿಣಗಳೊಳಗೆ ಯುದ್ಧ ಹತ್ತಿದಾಗ ಸರ್ಕಾರಕ್ಕೆ ಸಿಪಾಯಿಗಳು ಬೇಕಾದರು. ಐರ್ಲೆಂಡು ಜರ್ಮನಿಗಳಿಂದ ಬಂದವರು ಸಾವಿರಗಟ್ಟಲೆಯಾಗಿ ಇದ್ದರು. 1862ರ ಜುಲೈ 17ರ ಶಾಸನದಂತೆ, ಇಪ್ಪತ್ತೊಂದು ವರ್ಷ ತುಂಬಿದ ಪರದೇಶದವನು ದಂಡಿನಲ್ಲಿ ದುಡಿದು ಗೌರವದ ಬಿಡುಗಡೆ ಪಡೆದರೆ, ಒಂದು ವರ್ಷದ ವಾಸವನ್ನು ಮಾತ್ರ ತೋರಿಸಿ ಪೌರನಾಗಬಹುದಾಗಿತ್ತು. ಇತರರಿಗೆ ಐದು ವರ್ಷದ ವಾಸ ಬೇಕು. ಪೌರನಾಗುವೆನೆಂದು ಮುಂಚಿತವಾಗಿ ನ್ಯಾಯಸ್ಥಾನದಲ್ಲಿ ಸಂಕಲ್ಪಪತ್ರವನ್ನೂ ಬರೆದುಕೊಡಬೇಕು. ಸಿಪಾಯಿಗೆ ಆ ಪತ್ರವೂ ಬೇಡವಾಯಿತು. ನಮ್ಮ ಹಳೆಯ ಶಾಸನಗಳ ನೆತ್ತರುಕೊಡಗೆ ಇಲ್ಲಿ ನೆನಪಿಗೆ ಬರುತ್ತದೆ. ಆದರೆ ಅದು ಮಡಿದವನ ಮನೆಯವರಿಗೆ ಕೊಟ್ಟ ಭೂಮಿ, ಇದು ಬದುಕಿ ಬಂದವನಿಗೆ ಕೊಟ್ಟ ಹಕ್ಕು. ಮರುವರ್ಷವೇ ಸರ್ಕಾರವು ಸಂಕಲ್ಪಪತ್ರ ಕೊಟ್ಟವರನ್ನು ಕಡ್ಡಾಯದ ಸೇನಾಭರ್ತಿಗೆ ಒಳಪಡಿಸಿತು.

1894ರಲ್ಲಿ ಬಿಗಿ ಹೆಚ್ಚಿತು. ಶಾಂತಿಕಾಲದಲ್ಲಿ ದಂಡಿಗೆ ಹೊಸದಾಗಿ ಸೇರುವವನು ಪೌರನಾಗಿರಬೇಕು, ಇಲ್ಲವೆ ಸಂಕಲ್ಪಪತ್ರವನ್ನಾದರೂ ಕೊಟ್ಟಿರಬೇಕು ಎಂದಾಯಿತು. ‘ಶಾಂತಿಕಾಲದಲ್ಲಿ’ ಎಂಬ ಮಾತನ್ನು ವಾಚಕರು ಗಮನಿಸಬೇಕು. ಯುದ್ಧ ಬಂದಾಗ ಈ ಕಟ್ಟು ತಾನಾಗಿಯೇ ಸಡಿಲುವಂತೆ ಶಾಸನವನ್ನು ಬರೆದಿದ್ದರು.

ಯುದ್ಧ ಬಂದಿತು. 1917ರ ಏಪ್ರಿಲಿನಲ್ಲಿ ಅಮೆರಿಕಾ ಜರ್ಮನಿಯ ಮೇಲೆ ಯುದ್ಧ ಸಾರಿತು. 1918ರ ಮೇ 9ರಂದು, ದಂಡಿನಲ್ಲಿರುವ ಪರದೇಶದವರಿಗೆ ಐದು ವರ್ಷದ ವಾಸವನ್ನೂ ಸಂಕಲ್ಪಪತ್ರವನ್ನೂ ಬಿಟ್ಟುಕೊಟ್ಟು, ಒಡನೆಯೇ ಪೌರತ್ವ ಕೊಡಬಹುದೆಂಬ ಶಾಸನವಾಯಿತು. ‘ಯಾವನೇ ಪರದೇಶದವನು’ ಎಂದು ಅದರಲ್ಲಿ ಬರೆದಿತ್ತು.

ಥಿಂಡರು ಅಮೃತಸರದ ಜಿಲ್ಲೆಯವರು; ಹುಟ್ಟಿದ್ದು 1892ರಲ್ಲಿ. 1913ರಲ್ಲಿ ವಿದ್ಯಾಭ್ಯಾಸಕ್ಕೆಂದು ಅಮೆರಿಕಾದ ಪಶ್ಚಿಮ ತೀರಕ್ಕೆ ಹೋದರು. ಆರೆಗಾನ್ ಸೀಮೆಯ ಮರ ಕೊಯ್ಯುವ ಕಾರ್ಖಾನೆಗಳಲ್ಲಿ ಕೂಲಿ ಮಾಡಿ ಹೊಟ್ಟೆ ಹೊರೆದರು. 1918ರ ಜುಲೈನಲ್ಲಿ ದಂಡಿಗೆ ಸೇರಿ, ವಾಷಿಂಗ್ಟನ್ ಸಂಸ್ಥಾನದ ಲೂಯಿಸ್ ಶಿಬಿರದಲ್ಲಿ ಶಿಕ್ಷಣ ಪಡೆದರು. ಸಿಖ್ಖರಾದುದರಿಂದ ಮುಂಡಾಸನ್ನು ಬಿಡಲಿಲ್ಲ, ಮೇಲಿನವರೂ ಬಿಡಿಸಲಿಲ್ಲ. ನವೆಂಬರ್ 8ರಂದು ಅವರಿಗೆ ಹಂಗಾಮಿ ಸಾರ್ಜೆಂಟ್ ಪದವಿ ದೊರೆಯಿತು. ಮೂರು ದಿನಗಳಲ್ಲಿ ಯುದ್ಧವೇ ನಿಂತುಹೋಯಿತು.

ಮುಂದಿನದು ಒಂದು ವಾರದ ಕತೆ. ಡಿಸೆಂಬರ್ 9ರಂದು ಥಿಂಡರು ಸಿಪಾಯಿಯ ಉಡುಪಿನಲ್ಲಿಯೇ ನ್ಯಾಯಸ್ಥಾನಕ್ಕೆ ಹೋಗಿ ಪೌರತ್ವ ಪಡೆದರು. ನಾಲ್ಕು ದಿನ ಕಳೆಯುವಷ್ಟರಲ್ಲಿ ಅದು ರದ್ದಾಯಿತು. ಇವರು ಬಿಳಿಯರಲ್ಲವೆಂಬುದು ಪೌರತ್ವದ ಇಲಾಖೆಯವರ ತಕರಾರು. ಡಿಸೆಂಬರ್ 16ರಂದು ದಂಡಿನವರು ನಡತೆ ಅತ್ಯುತ್ತಮವೆಂದು ಬರೆದು ಗೌರವದ ಬಿಡುಗಡೆ ಕೊಟ್ಟರು. ಒಂದೇ ಸರ್ಕಾರದ ಎರಡು ಕೈಗಳು ಮೂರು ದಿನದ ಅಂತರದಲ್ಲಿ ಒಬ್ಬನೇ ಮನುಷ್ಯನಿಗೆ ಬರೆದುಕೊಟ್ಟ ಕಾಗದಗಳಿವು.

ಥಿಂಡರು ಬಿಡಲಿಲ್ಲ. 1919ರಲ್ಲಿ ಆರೆಗಾನಿನಲ್ಲಿ ಮತ್ತೆ ಅರ್ಜಿ ಹಾಕಿದರು. ಅಲ್ಲಿ ಅಧಿಕಾರಿಗಳು ಗದರ್ ಪಕ್ಷದವರ ಸಹವಾಸದ ಮಾತನ್ನೂ ಎತ್ತಿದರು. ಭಾರತವು ಭಾರತೀಯರದಾಗಬೇಕೆಂಬುದೇ ತಮ್ಮ ಮತವೆಂದೂ, ಆದರೆ ಶಸ್ತ್ರ ಹಿಡಿದು ದಂಗೆಯೇಳುವುದು ತಮಗೆ ಸಮ್ಮತವಲ್ಲವೆಂದೂ ಥಿಂಡರು ಮುಚ್ಚುಮರೆಯಿಲ್ಲದೆ ಹೇಳಿದರು. ನ್ಯಾಯಾಧೀಶ ವುಲ್ವರ್ಟನ್ನರು ಅವರ ನಡತೆಯನ್ನೂ ದಂಡಿನ ಸೇವೆಯನ್ನೂ ಮನಸ್ಸಿಗೆ ತಂದುಕೊಂಡು 1920ರಲ್ಲಿ ಎರಡನೆಯ ಬಾರಿ ಪೌರತ್ವ ಕೊಟ್ಟರು. ಸರ್ಕಾರವು ಮೇಲಿನ ನ್ಯಾಯಸ್ಥಾನಕ್ಕೆ ಹೋಯಿತು. ಅಲ್ಲಿಂದ ವ್ಯಾಜ್ಯವು ವಾಷಿಂಗ್ಟನ್ ನಗರದ ಶ್ರೇಷ್ಠ ನ್ಯಾಯಸ್ಥಾನವನ್ನು ಮುಟ್ಟಿತು.

ಮೇಲಕ್ಕೆ ಹೋದ ಪ್ರಶ್ನೆಯಲ್ಲಿ ಸಿಪಾಯಿಯ ಸುಳಿವೇ ಇರಲಿಲ್ಲ. ಅಮೃತಸರದಲ್ಲಿ ಹುಟ್ಟಿದ ಉಚ್ಚಜಾತಿಯ ‘ಹಿಂದು’ವೊಬ್ಬನು ಶಾಸನದ ಅರ್ಥದಲ್ಲಿ ಬಿಳಿಯನೇ ಎಂಬುದೇ ಮುಖ್ಯ ಪ್ರಶ್ನೆ. ಮತದಿಂದ ಸಿಖ್ಖರಾದವರನ್ನು ಹಿಂದುವೆಂದು ಬರೆದುದಕ್ಕೆ ನಾವು ನಗಬೇಕಾಗಿಲ್ಲ. ಭಾರತದಿಂದ ಬಂದವರೆಲ್ಲರೂ ಆಗ ಅಲ್ಲಿಯವರ ಬಾಯಲ್ಲಿ ಹಿಂದುಗಳೇ. ಥಿಂಡರ ಪರವಾಗಿ ವಾದಿಸಿದವರು ಸಖಾರಾಮ ಗಣೇಶ ಪಂಡಿತರು. ಅವರೂ ನಮ್ಮ ದೇಶದವರೇ, 1914ರಲ್ಲಿ ಅಮೆರಿಕಾದ ಪೌರರಾಗಿದ್ದವರು. ಉತ್ತರ ಹಿಂದುಸ್ಥಾನದ ಉಚ್ಚಜಾತಿಯವರು ಆರ್ಯರು, ಆದಕಾರಣ ಬಿಳಿಯರ ಕುಲದವರು ಎಂದು ಥಿಂಡರ ಪಕ್ಷದ ವಾದ. ಉಚ್ಚಜಾತಿಯವರು ದೇಶದ ಮೂಲನಿವಾಸಿಗಳೊಡನೆ ಮದುವೆಯ ಸಂಬಂಧ ಬೆಳೆಸುವುದಿಲ್ಲವೆಂಬುದನ್ನೂ, ಬಿಳಿಯರು ಕರಿಯರನ್ನು ದೂರವಿಡುವುದಕ್ಕೆ ಹೋಲಿಸಿ, ಗುಣವೆಂಬಂತೆ ಮುಂದಿಟ್ಟರು. ಇದನ್ನು ಓದುವಾಗ ನಮಗೆ ತಲೆ ತಗ್ಗುತ್ತದೆ. ಶಾಸನವು ಬೇರೆ ಬಾಗಿಲನ್ನು ಬಿಟ್ಟಿರಲಿಲ್ಲವೆಂಬುದು ನಿಜ; ಆದರೂ ದಂಡಿನಲ್ಲಿ ದುಡಿದವನು ತನ್ನ ದುಡಿಮೆಯನ್ನು ಬಿಟ್ಟು ಜಾತಿಯನ್ನು ಸಾಕ್ಷಿಗೆ ಕರೆಯಬೇಕಾಯಿತಲ್ಲ!

ಮೂರು ತಿಂಗಳ ಹಿಂದೆ, 1922ರ ನವೆಂಬರಿನಲ್ಲಿ, ಅದೇ ನ್ಯಾಯಸ್ಥಾನವು ಜಪಾನಿನ ಓಝಾವಾ ಎಂಬವರ ಅರ್ಜಿಯನ್ನು ತಳ್ಳಿಹಾಕಿತ್ತು. ಬಿಳಿಯನೆಂದರೆ ಮೈಬಣ್ಣವಲ್ಲ, ಕಾಕೇಷಿಯನ್ ಕುಲ ಎಂದು ಅಲ್ಲಿ ಹೇಳಿದ್ದರು. ಆ ಮಾತನ್ನೇ ಹಿಡಿದು, ಮಾನವಶಾಸ್ತ್ರಜ್ಞರು ನಮ್ಮನ್ನು ಅದೇ ಕುಲಕ್ಕೆ ಸೇರಿಸಿದ್ದಾರೆಂದು ಥಿಂಡರ ಕಡೆಯವರು ತೋರಿಸಿದರು. 1923ರ ಫೆಬ್ರವರಿ 19ರಂದು ತೀರ್ಪು ಬಂದಿತು. ಎರಡು ತೀರ್ಪುಗಳನ್ನೂ ಬರೆದವರು ನ್ಯಾಯಮೂರ್ತಿ ಸದರ್ಲೆಂಡರೇ. ಈಗ ಶಾಸ್ತ್ರಜ್ಞರ ವಿಂಗಡಣೆ ಲೆಕ್ಕಕ್ಕಿಲ್ಲ, ಸಾಮಾನ್ಯ ಮನುಷ್ಯನು ಯಾರನ್ನು ಬಿಳಿಯನೆನ್ನುವನೋ ಅವನೇ ಬಿಳಿಯನು ಎಂದರು. ಅಳೆಯುವ ಕೋಲನ್ನು ಮೂರು ತಿಂಗಳಲ್ಲಿ ಬದಲಾಯಿಸಿದಂತಾಯಿತು. ಪೀಠದಲ್ಲಿ ಒಬ್ಬರೂ ಭಿನ್ನಮತ ಬರೆಯಲಿಲ್ಲ.

ಈ ತೀರ್ಪಿನ ಬಲದಿಂದ ಸರ್ಕಾರವು ಅದಕ್ಕೆ ಮೊದಲೇ ಪೌರರಾಗಿದ್ದ ಭಾರತೀಯರ ಮೇಲೂ ವ್ಯಾಜ್ಯ ಹೂಡಿತು. ಪಂಡಿತರ ಮೇಲೂ ಹೂಡಿತು. ಅವರು ವಾದಿಸಿ ಗೆದ್ದು ತಮ್ಮ ಪೌರತ್ವವನ್ನು ಉಳಿಸಿಕೊಂಡರು. ಸಾನ್ ಫ್ರಾನ್ಸಿಸ್ಕೋದಲ್ಲಿ ವ್ಯಾಪಾರ ಮಾಡಿಕೊಂಡಿದ್ದ ವೈಷ್ಣೋದಾಸ ಬಾಗಾಯಿಯವರು ಪೌರತ್ವವನ್ನು ಕಳೆದುಕೊಂಡು, 1928ರಲ್ಲಿ ಪ್ರಾಣವನ್ನೇ ಬಿಟ್ಟರು. ನಮ್ಮ ಮಾತಿನಲ್ಲಿ ಪರದೇಶಿಯೆಂದರೆ ದಿಕ್ಕಿಲ್ಲದವನೆಂಬ ಅರ್ಥವೂ ಉಂಟಷ್ಟೆ.

‘ಯಾವನೇ ಪರದೇಶದವನು’ ಎಂದಿದ್ದ 1918ರ ಶಾಸನವೇನಾಯಿತು? ಅದರ ಉತ್ತರ 1925ರಲ್ಲಿ ದೊರೆಯಿತು. ಹಿದೆಮಿತ್ಸು ಟೊಯೋಟಾ ಎಂಬ ಜಪಾನಿನವರು ಅಮೆರಿಕಾದ ಕರಾವಳಿ ಕಾವಲು ಪಡೆಯಲ್ಲಿ 1913ರಿಂದ 1923ರ ವರೆಗೆ ಸುಮಾರು ಹತ್ತು ವರ್ಷ ದುಡಿದವರು. 1921ರಲ್ಲಿ ಅವರಿಗೆ ಕೊಟ್ಟಿದ್ದ ಪೌರತ್ವವನ್ನು ರದ್ದುಮಾಡಿದುದು ಸರಿಯೆಂದು ಶ್ರೇಷ್ಠ ನ್ಯಾಯಸ್ಥಾನ ಹೇಳಿತು. ಯುದ್ಧಕಾಲದ ಶಾಸನವು ವಾಸದ ಅವಧಿಯನ್ನು ಸಡಿಲಿಸಿತೇ ಹೊರತು, ಫಿಲಿಪೀನಿನ ಕೆಲವರಿಗಲ್ಲದೆ ಉಳಿದವರಿಗೆ ಕುಲದ ಕಟ್ಟನ್ನು ಬಿಚ್ಚಲಿಲ್ಲವೆಂಬುದು ಅವರ ಅರ್ಥವಿವರಣೆ. ದಂಡಿನಲ್ಲಿ ದುಡಿಯಲು ಬಾರದಿದ್ದ ಅಡ್ಡಿ ಪೌರತ್ವ ಕೇಳುವಾಗ ಬಂದಿತು.

ಜಪಾನಿನ ಮೂಲದ ಸಿಪಾಯಿ ಟೊಕುಟಾರೋ ಸ್ಲೋಕಮ್ ಎಂಬವರು ಯುದ್ಧದಿಂದ ಮರಳಿದವರ ಸಂಘಗಳನ್ನು ಜೊತೆಗೂಡಿಸಿಕೊಂಡು, ಶಾಸನಸಭೆಯ ಬಾಗಿಲನ್ನು ಬಿಡದೆ ತಟ್ಟಿದರು. 1935ರ ಜೂನ್ 24ರಂದು ಹೊಸ ಶಾಸನವಾಯಿತು. ಮಹಾಯುದ್ಧದಲ್ಲಿ ಸೇವೆ ಮಾಡಿದ ಏಷ್ಯದವರಿಗೆ ಕುಲದ ಅಡ್ಡಿಯಿಲ್ಲದೆ ಪೌರತ್ವ ಕೊಡಬಹುದೆಂದು ಅದು ಹೇಳಿತು. ಸಿಪಾಯಿಗಳಲ್ಲದ ಭಾರತೀಯರು ಮತ್ತೂ ಕಾಯಬೇಕಾಯಿತು. ಅವರಿಗೆ ಆ ಹಕ್ಕು ಬಂದುದು 1946ರ ಜುಲೈ 2ರ ಶಾಸನದಿಂದ. ಕುಲದ ಮಾತು ಪೌರತ್ವದ ಶಾಸನದಿಂದ ಪೂರ್ತಿಯಾಗಿ ಅಳಿದುದು 1952ರಲ್ಲಿ. ಇಂದು ಆ ದೇಶದಲ್ಲಿ ಶಾಶ್ವತ ವಾಸದ ಅನುಮತಿ ಪಡೆದವನು ಪೌರನಲ್ಲದಿದ್ದರೂ ಸಿಪಾಯಿಯಾಗಬಹುದು. ಅಧಿಕಾರಿಯ ಪದವಿಗೆ ಮಾತ್ರ ಸಾಮಾನ್ಯವಾಗಿ ಪೌರತ್ವ ಬೇಕು.

ಥಿಂಡರು 1946ರ ವರೆಗೆ ಕಾಯಬೇಕಾಗಲಿಲ್ಲ. ಅಷ್ಟರಲ್ಲಿ ಅವರು ಊರೂರು ತಿರುಗಿ ಅಧ್ಯಾತ್ಮದ ಉಪನ್ಯಾಸಗಳನ್ನು ಕೊಡುವವರಾಗಿದ್ದರು. 1935ರ ಶಾಸನವನ್ನು ಹಿಡಿದು, 1936ರಲ್ಲಿ ನ್ಯೂಯಾರ್ಕಿನಲ್ಲಿ, ಮಹಾಯುದ್ಧದ ಸಿಪಾಯಿಯಾಗಿ ಅರ್ಜಿ ಹಾಕಿ, ಮೂರನೆಯ ಬಾರಿ ಪೌರತ್ವ ಪಡೆದರು. 1967ರಲ್ಲಿ ತೀರಿಕೊಳ್ಳುವ ವರೆಗೂ ಅದನ್ನು ಯಾರೂ ಹಿಂದಕ್ಕೆ ಕೇಳಲಿಲ್ಲ.