ಕರ್ನಲ್ಲಿನ ಗಡಿಯಾರವೂ ಅಂಬಿಕಾನಗರದ ಮುಳ್ಳೂ

ಹೋದ ತಿಂಗಳು ಆಫೀಸಿನಲ್ಲಿ ಒಂದು ಬಗ್ ನನ್ನ ಮೂರು ರಾತ್ರಿ ನಿದ್ದೆ ಕೆಡಿಸಿತು. 32 ಬಿಟ್ಟಿನ ಪುಟ್ಟ ಬೋರ್ಡು, ಅದರ ಮೇಲೆ ಲಿನಕ್ಸ್, ನಾನೇ ಬರೆದ ಡ್ರೈವರ್. ಬೂಟ್ ಆಗಿ ಸರಿಯಾಗಿ ಐದು ನಿಮಿಷಕ್ಕೆ ಕೈಕೊಡುತ್ತಿತ್ತು. ಐದೇ ಯಾಕೆ?

ಸ್ವಲ್ಪ ಹಿಂದೆ ಹೋಗೋಣ. 1971ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿ ಪಿಡಿಪಿ-11ರ ಮೇಲೆ ಯುನಿಕ್ಸ್ ಓಡಿಸುವಾಗ ಕರ್ನಲ್ಲಿಗೆ ತಾಳ ಸಿಗುತ್ತಿದ್ದದ್ದು ಕರೆಂಟಿನಿಂದಲೇ! ಅಮೆರಿಕದ ಕರೆಂಟು ಸೆಕೆಂಡಿಗೆ 60 ಆವರ್ತ, ಅಷ್ಟೇ ಇಂಟರಪ್ಟ್. 1971ರ ಜನವರಿ 1ರಿಂದ ಸೆಕೆಂಡಿನ ಅರವತ್ತರಲ್ಲೊಂದು ಭಾಗಗಳನ್ನೇ ಎಣಿಸುತ್ತಿದ್ದರು. 32 ಬಿಟ್ಟಿನಲ್ಲಿ ಆ ಎಣಿಕೆ ಸುಮಾರು 828 ದಿನಕ್ಕೆ ತುಂಬಿಹೋಗುತ್ತದೆ. ಆಮೇಲೆ ಸೆಕೆಂಡಿಗೆ ಬದಲಾಯಿಸಿ, ಆರಂಭವನ್ನು 1970ಕ್ಕೆ ತಂದರು.

ಇದನ್ನು ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ನಮ್ಮ ಮನೆ ದಾಂಡೇಲಿಯಲ್ಲಿ. ಅಪ್ಪ ಅಂಬಿಕಾನಗರದ ನಾಗಝರಿ ಪವರ್ ಹೌಸಿನಲ್ಲಿ ದುಡಿದವರು. "ನಮ್ಮಲ್ಲಿ ಹಂಗ ಮಾಡಿದ್ರ ನಿನ್ನ ಕಂಪ್ಯೂಟರ್ ಯಾವತ್ತೂ ಲೇಟ್ ಆಗ್ತಿತ್ತು ನೋಡು" ಅಂದು ನಕ್ಕರು. ನಿಜ. ನಮ್ಮದು 50 ಹರ್ಟ್ಸ್, ಆದರೆ 1990ರ ದಶಕದಲ್ಲಿ ಬೇಡಿಕೆ ಏರಿದಾಗ ದಕ್ಷಿಣದ ಗ್ರಿಡ್ಡಿನ ಮುಳ್ಳು 49ಕ್ಕಿಂತ ಕೆಳಗೆ ಜಾರುತ್ತಿತ್ತು. ಲೆಕ್ಕ ಹಾಕಿದೆ: ದಿನವಿಡೀ 49ರಲ್ಲಿ ನಿಂತರೆ ಗಡಿಯಾರ ಸುಮಾರು 29 ನಿಮಿಷ ಹಿಂದೆ! ಸೂಪಾ ಊರನ್ನೇ ಮುಳುಗಿಸಿ, ತಾಲೂಕು ಕೇಂದ್ರವನ್ನು ಜೋಯಿಡಾಕ್ಕೆ ಸಾಗಿಸಿ ಕೂಡಿಟ್ಟ ಕಾಳಿಯ ನೀರಿಗೂ ಆ ಮುಳ್ಳನ್ನು 50ರಲ್ಲಿ ಹಿಡಿದಿಡಲು ಆಗಲಿಲ್ಲ.

1981ರ ಐಬಿಎಂ ಪಿಸಿಗೆ ಈ ತಾಪತ್ರಯವಿಲ್ಲ, ಅದರಲ್ಲಿದ್ದದ್ದು ಹರಳು. ಅಮೆರಿಕದ ಕಲರ್ ಟಿವಿಯ 3.579545 ಮೆಗಾಹರ್ಟ್ಸಿನ ನಾಲ್ಕು ಪಟ್ಟು, ಅಂದರೆ 14.31818. ಅದನ್ನು 12ರಿಂದ ಭಾಗಿಸಿ 8253 ಟೈಮರ್ ಚಿಪ್ಪಿಗೆ ಕೊಟ್ಟರು: 1.193182. ಸೆಕೆಂಡಿಗೆ 100 ಟಿಕ್ ಬೇಕಾದರೆ ಚಿಪ್ಪಿಗೆ 11931.82 ಅಂತ ಬರೆಯಬೇಕು. ಅದಕ್ಕೆ ಪೂರ್ಣಾಂಕವಷ್ಟೇ ಗೊತ್ತು, ಹಾಗಾಗಿ 11932. ಕರ್ನಲ್ ಈ ಚಿಲ್ಲರೆಯನ್ನು ಗಮನಿಸದಿದ್ದರೆ ದಿನಕ್ಕೆ 1.3 ಸೆಕೆಂಡು ನಷ್ಟ. (ಟಿವಿಗೂ ಕರ್ನಲ್ಲಿಗೂ ಎಲ್ಲಿಯ ಸಂಬಂಧ ಅಲ್ವಾ? :-))

ಲಿನಕ್ಸ್ ಈ ಟಿಕ್ಕುಗಳನ್ನು 'ಜಿಫೀಸ್' ಎಂಬ ವೇರಿಯಬಲ್ಲಿನಲ್ಲಿ ಎಣಿಸುತ್ತದೆ. ಸೆಕೆಂಡಿಗೆ 100 ಇದ್ದರೆ 32 ಬಿಟ್ಟು ತುಂಬಲು 497 ದಿನ, 1000 ಇದ್ದರೆ 49.7 ದಿನ. ಯುನಿಕ್ಸಿನ ಹಳೇ ಕಾಯಿಲೆಯೇ! 497 ದಿನ ಕೂತು ಟೆಸ್ಟ್ ಮಾಡುವವರು ಯಾರು? ಅದಕ್ಕೇ 2.6ರ ಕಾಲದಲ್ಲಿ ಕರ್ನಲ್ ಬರೆಯುವವರು ಒಂದು ಉಪಾಯ ಮಾಡಿದರು. ಎಣಿಕೆಯನ್ನು ಸೊನ್ನೆಯಿಂದಲ್ಲ, ತುಂಬಿಹೋಗಲು ಐದು ನಿಮಿಷ ಬಾಕಿ ಇರುವಲ್ಲಿಂದ ಶುರುಮಾಡಿದರು. ತಪ್ಪು ಕೋಡ್ ಇದ್ದರೆ ಐದು ನಿಮಿಷಕ್ಕೇ ಬಯಲು!

ಬಯಲಾದದ್ದು ನನ್ನದೇ. ಎರಡು ಜಿಫೀಸನ್ನು ನೇರವಾಗಿ ದೊಡ್ಡದು-ಚಿಕ್ಕದು ಅಂತ ಹೋಲಿಸಿದ್ದೆ. ಅದಕ್ಕೆಂದೇ 'ಟೈಮ್ ಆಫ್ಟರ್' ಮ್ಯಾಕ್ರೋ ಇದೆ, ಓದಿಯೂ ಇದ್ದೆ. ಒಂದು ಸಾಲು ತಿದ್ದಿ, ಬೂಟ್ ಮಾಡಿ, ಕಾಯುತ್ತಾ ಕೂತೆ. ಆರನೇ ನಿಮಿಷ ದಾಟಿದ ಮೇಲೆ ಅಪ್ಪನಿಗೆ ಮೆಸೇಜ್ ಹಾಕಿದೆ: ಮುಳ್ಳು ನಿಂತಿದೆ.