ಹ್ಯಾರಿ ಆ್ಯಂಡರ್ಸನ್: ಬೀದಿಯ ಜಾದೂಗಾರ, ಕಿರುತೆರೆಯ ನ್ಯಾಯಾಧೀಶ

1980ರ ದಶಕದ ಅಮೆರಿಕನ್ ಟಿ.ವಿ. ವೀಕ್ಷಕರಿಗೆ ಹ್ಯಾರಿ ಆ್ಯಂಡರ್ಸನ್ (1952–2018) ಎಂದರೆ ಕರಿಗೌನು ತೊಟ್ಟ ತಮಾಷೆಯ ನ್ಯಾಯಾಧೀಶ. ಅವರ ಮೂಲ ಕಸುಬು ಮಾತ್ರ ಕೈಚಳಕ. ಅವರ ನಟನೆಗೆ ಹದ ಕೊಟ್ಟದ್ದೂ ಅದೇ.

ಬೀದಿಯ ಕಲಿಕೆ

ರೋಡ್ ಐಲೆಂಡ್‌ನ ನ್ಯೂಪೋರ್ಟ್‌ನಲ್ಲಿ ಹುಟ್ಟಿದ ಆ್ಯಂಡರ್ಸನ್ ಎಳೆವಯಸ್ಸಿನಲ್ಲೇ ಬೀದಿ ಪ್ರದರ್ಶನಕ್ಕಿಳಿದರು. ಮೂರು ಚಿಪ್ಪು, ಒಂದು ಬಟಾಣಿ: ಕಾಳು ಯಾವುದರಡಿ ಇದೆ ಎಂದು ಪಣ ಕಟ್ಟುವ ಆಟ. ಚಿಪ್ಪುಗಳು ಅತ್ತಿತ್ತ ಸರಿಯುವಷ್ಟರಲ್ಲಿ ಕಾಳು ಆಟ ಆಡಿಸುವವನ ಬೆರಳ ಸಂದಿ ಸೇರಿರುತ್ತದೆ. ಯಾವ ಚಿಪ್ಪು ಎತ್ತಿದರೂ ಖಾಲಿ. ಒಮ್ಮೆ ಸಿಟ್ಟಿಗೆದ್ದ ಗಿರಾಕಿಯೊಬ್ಬ ಅವರ ದವಡೆ ಮುರಿದ.

ವೇದಿಕೆಗೆ ಬಂದಾಗ ಈ ಮೋಸವೇ ನಗೆಯ ಸರಕಾಯಿತು. ಹಳೇ ಕಾಲದ ಸೂಟು, ಹ್ಯಾಟು, ಬಾಯಿತುಂಬ ಮಾತು. ಉದ್ದನೆಯ ಸೂಜಿಯೊಂದನ್ನು ಮುಂಗೈಯ ಈ ಕಡೆಯಿಂದ ಆ ಕಡೆಗೆ ತೂರಿಸುವ ಆಟ ಅವರಿಗೆ ಹೆಸರು ತಂದಿತು. ಜನ ಮುಖ ಹಿಂಡಿ ‘ಅಯ್ಯೋ’ ಎನ್ನುವ ಹೊತ್ತಿಗೆ ಸರಿಯಾಗಿ ಒಂದು ಚಟಾಕಿ ಹಾರುತ್ತಿತ್ತು. ಹಾಸ್ಯನಟನಿಗೆ ಬೇಕಾದ ಸಮಯಪ್ರಜ್ಞೆ ಅವರಿಗೆ ಸಿದ್ಧಿಸಿದ್ದು ಇಂಥ ಕಡೆಯೇ ಎನ್ನಬೇಕು.

ನ್ಯಾಯಪೀಠದ ಒಂಬತ್ತು ಸೀಸನ್

‘ಸ್ಯಾಟರ್ಡೇ ನೈಟ್ ಲೈವ್’ ಎಂಬ ಹಾಸ್ಯ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡ ಆ್ಯಂಡರ್ಸನ್, 1982ರಲ್ಲಿ ಶುರುವಾದ ಹಾಸ್ಯ ಧಾರಾವಾಹಿ ‘ಚಿಯರ್ಸ್’ನಲ್ಲಿ ‘ಹ್ಯಾರಿ ದ ಹ್ಯಾಟ್’ ಎಂಬ ವಂಚಕನಾದರು. ಬೀದಿಯಲ್ಲಿ ಬೆಳೆದವರಿಗೆ ಹೇಳಿ ಮಾಡಿಸಿದ ಪಾತ್ರ. 1984ರ ಜನವರಿಯಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ‘ನೈಟ್ ಕೋರ್ಟ್’ ಆರಂಭವಾಯಿತು. ಮ್ಯಾನ್‌ಹ್ಯಾಟನ್‌ನಲ್ಲಿ ರಾತ್ರಿ ಪಾಳಿ ನಡೆಯುವ ನ್ಯಾಯಾಲಯ, ಅಲ್ಲಿ ಜಾದೂ ಮಾಡುವ ನ್ಯಾಯಾಧೀಶ ಹ್ಯಾರಿ ಸ್ಟೋನ್. ಸುತ್ತಲಿನವರೆಲ್ಲ ಅತಿರೇಕದವರು, ಈ ನ್ಯಾಯಾಧೀಶನೋ ತರಲೆ ಮಾಡುತ್ತಲೇ ಕಟಕಟೆಗೆ ಬಂದವರ ಅಳಲು ಕೇಳುವವನು. ಧಾರಾವಾಹಿಯ ಜೀವ ಇದ್ದದ್ದು ಆ ಸಜ್ಜನಿಕೆಯಲ್ಲಿ. 1992ರವರೆಗೆ 193 ಕಂತುಗಳು ಬಂದವು. ಆ್ಯಂಡರ್ಸನ್‌ರಿಗೆ ಮೂರು ಬಾರಿ ಎಮ್ಮಿ ಪ್ರಶಸ್ತಿಯ ನಾಮನಿರ್ದೇಶನ ಸಿಕ್ಕಿತು.

ಆಮೇಲೆ

ಅಂಕಣಕಾರ ಡೇವ್ ಬ್ಯಾರಿಯ ಬರಹಗಳನ್ನು ಆಧರಿಸಿದ ‘ಡೇವ್ಸ್ ವರ್ಲ್ಡ್’ (1993–97) ಅವರ ಎರಡನೆಯ ದೊಡ್ಡ ಸಿಟ್‌ಕಾಮ್. ಅದು ಮುಗಿದ ಮೇಲೆ ಅವರು ಹಾಲಿವುಡ್‌ಗೆ ಅಂಟಿಕೊಳ್ಳದೆ ನ್ಯೂ ಆರ್ಲಿಯನ್ಸ್‌ಗೆ ಹೋಗಿ, ಅಲ್ಲಿನ ಫ್ರೆಂಚ್ ಕ್ವಾರ್ಟರ್‌ನಲ್ಲಿ ಜಾದೂ ಸಾಮಾನಿನ ಅಂಗಡಿ ತೆರೆದರು. 2005ರಲ್ಲಿ ‘ಆಸ್ವಾಲ್ಡ್ಸ್ ಸ್ಪೀಕೀಸಿ’ ಎಂಬ ಸ್ವಂತ ಕ್ಲಬ್ ಆರಂಭಿಸಿ, ಮತ್ತೆ ಒಬ್ಬರೇ ಜನರೆದುರು ನಿಂತರು. ಅದೇ ವರ್ಷ ಕತ್ರಿನಾ ಚಂಡಮಾರುತ ಊರನ್ನು ಜರ್ಜರಿತಗೊಳಿಸಿತು. 2006ರಲ್ಲಿ ಕ್ಲಬ್ ಮಾರಿ ಉತ್ತರ ಕ್ಯಾರೊಲಿನಾದ ಆಶ್‌ವಿಲ್‌ಗೆ ತೆರಳಿದರು; 2018ರ ಏಪ್ರಿಲ್‌ನಲ್ಲಿ ಅಲ್ಲೇ ನಿಧನರಾದರು. 2023ರಲ್ಲಿ ‘ನೈಟ್ ಕೋರ್ಟ್’ ಮತ್ತೆ ಬಂದಾಗ ನ್ಯಾಯಪೀಠವೇರಿದ್ದು ಹ್ಯಾರಿ ಸ್ಟೋನ್‌ನ ಮಗಳ ಪಾತ್ರ.